ಭರಣಿಯೊಳಗಿನ ಗಂಟೆ

ಗಾಳಿಯಿಲ್ಲದ ಕಡೆ ಸದ್ದು ಹರಡುವುದಿಲ್ಲ ಎಂಬ ಪಾಠವನ್ನು ಬಳಿಗಾರ ಟೀಚರ್ ಹನ್ನೊಂದು ವರ್ಷ ಬರೀ ಬಾಯಲ್ಲೇ ಹೇಳಿದ್ದರು. ಗಾಳಿ ಎಳೆದು ತೆಗೆಯುವ ಪಂಪು ಅವರ ಶಾಲೆಯಲ್ಲಿರಲಿಲ್ಲ. ಈ ಸಲ ಹಠ ಹಿಡಿದು, ಪಂಪಿನ ಬದಲಿಗೆಂದು ಗುಜರಿಯಿಂದ ಹಳೇ ಫ್ರಿಜ್ಜಿನ ಕಂಪ್ರೆಸರ್ ತಂದರು. ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಕುಕ್ಕರಿನ ರಬ್ಬರ್ ಮೇಲೆ ಬೋರಲು ಹಾಕಿ, ಒಳಗೊಂದು ಕರೆಗಂಟೆ, ಹೊರಗೆ ಅದರ ಗುಂಡಿ ಇಟ್ಟು, ಗ್ಯಾಸ್ ಒಲೆಯ ಪೈಪಿನಿಂದ ಭರಣಿಯನ್ನೂ ಕಂಪ್ರೆಸರನ್ನೂ ಜೋಡಿಸಿದರು.

ಜಿಲ್ಲಾ ವಿಜ್ಞಾನ ಮಾದರಿ ಸ್ಪರ್ಧೆಯ ದಿನ ಬೆಳಿಗ್ಗೆ ಎಲ್ಲಿಂದಲೋ ಗಾಳಿ ನುಸುಳತೊಡಗಿತು. ಎಷ್ಟು ಹೊತ್ತು ಪಂಪು ಓಡಿಸಿದರೂ ಗಂಟೆಯ ಸದ್ದು ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ.

"ಇದು ಬಾಯಿ ಮುಚ್ಚಂಗಿಲ್ಲ ಬಿಡ್ರಿ ಟೀಚರ್," ಎಂದರು ಪಕ್ಕದ ಮೇಜಿನ ಮೇಷ್ಟ್ರು.

ಟೀಚರ್ ಪಂಪು ನಿಲ್ಲಿಸಿ, ಭರಣಿ ಎತ್ತಿ, ರಬ್ಬರಿಗೆ ವ್ಯಾಸಲೀನ್ ಬಳಿದು ಮತ್ತೆ ಕೂರಿಸಿದರು. ಅಷ್ಟರಲ್ಲಿ ತೀರ್ಪುಗಾರರು ಬಂದೇ ಬಿಟ್ಟರು. ನಿವೃತ್ತ ಪ್ರಾಧ್ಯಾಪಕರು, ತಪ್ಪು ಹುಡುಕುವುದರಲ್ಲಿ ಹೆಸರಾದವರು.

"ಹೂಂ, ತೋರಸ್ರಿ."

ಟೀಚರ್ ಗಂಟೆಯ ಗುಂಡಿ ಒತ್ತಿದರು. ಭರಣಿಯೊಳಗಿಂದಲೇ ಅದು ಇಡೀ ಕೋಣೆಗೆ ಕೇಳುವಂತೆ ಬಡಿದುಕೊಳ್ಳತೊಡಗಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ತೀರ್ಪುಗಾರರು ಮಾತ್ರ ಗಾಜಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಅಲುಗಾಡದೆ ನಿಂತರು. ಟೀಚರ್ ಪಂಪು ಹಾಕಲು ಸ್ವಿಚ್ಚಿನತ್ತ ಕೈ ಚಾಚಿದರು.

"ಶಾಭಾಷ್!" ಎಂದು ತೀರ್ಪುಗಾರರು ತಲೆಯೆತ್ತಿದರು. "ಒಂದ್ ಚೂರೂ ಸಪ್ಪಳಿಲ್ಲ ನೋಡ್ರಿ! ಇಷ್ಟು ಚಲೋ ಪಂಪು ನಮ್ಮ ಕಾಲೇಜಿನ್ಯಾಗೂ ಇರಲಿಲ್ಲ. ಮೊದಲನೇ ಬಹುಮಾನ ನಿಮಗ!"

ಇನ್ನೂ ಹಾಕಿರದ ಪಂಪಿನ ಸ್ವಿಚ್ಚಿನತ್ತ ಚಾಚಿದ್ದ ಕೈಯನ್ನು ಟೀಚರ್ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.