ನಾಗವೇಣಿ ಕಾಯ್ದಿಟ್ಟ ಗ್ರಾಫ್

ನಾಗವೇಣಿ ಅಣುಸ್ಥಾವರದ ಸುರಕ್ಷತಾ ವಿಭಾಗದಲ್ಲಿ ವಿಜ್ಞಾನಿ. ಅವಳಿಗೆ ಒಂದೇ ಒಂದು ಆಸೆಯಿತ್ತು...

ಡಾ. ಧರಣೇಂದ್ರ ಎಲ್ಲರೆದುರು ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ತುಂಬಿದ ಮೀಟಿಂಗಿನಲ್ಲಿ ಎದ್ದು ನಿಂತಿದ್ದಳು. ಅಪಘಾತವಾದರೆ ರಿಯಾಕ್ಟರಿನ ಕಾಂಕ್ರೀಟ್ ಗುಮ್ಮಟದೊಳಗೆ ಹಬೆ, ಹೈಡ್ರೋಜನ್ ಎರಡೂ ತುಂಬಿಕೊಳ್ಳುತ್ತವೆ. ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿದುಹೋಗುತ್ತದೆ. ಹೈಡ್ರೋಜನ್ ಮಾತ್ರ ಉಳಿದು ಮೇಲ್ಗಡೆ ದಟ್ಟವಾಗುತ್ತದೆ. ಆಮೇಲೆ ಒಂದು ಕಿಡಿ ಸಾಕು ಎಂದಿದ್ದಳು.

ಹಿರಿಯ ವಿಜ್ಞಾನಿ ಧರಣೇಂದ್ರ ಅವರ ಲೆಕ್ಕದಲ್ಲಿ ಎಲ್ಲವೂ ಸಮನಾಗಿ ಬೆರೆತಿರುತ್ತಿತ್ತು. ಅವರು ನಕ್ಕರು.

"ಅಡುಗೆಮನೆ ಫಿಸಿಕ್ಸ್ ಇಲ್ಲಿ ಬೇಡಮ್ಮ, ಕೂತ್ಕೊಳ್ಳಿ."

ಇಡೀ ಹಾಲ್ ನಕ್ಕಿತು. ಹೈಡ್ರೋಜನ್ನನ್ನು ನೀರಾಗಿಸುವ ಪೆಟ್ಟಿಗೆಗಳನ್ನು ಮೊದಲ ಘಟಕದಲ್ಲಿ ಅವರು ಹೇಳಿದಂತೆಯೇ ಕೆಳಗಡೆ ಕೂರಿಸಿದರು.

ಆ ನಗು ನಾಗವೇಣಿಯ ಕಿವಿ ಬಿಟ್ಟು ಹೋಗಲಿಲ್ಲ. ಮಗಳಿಗೆ ಜಡೆ ಹೆಣೆಯುವಾಗಲೂ ಕೇಳಿಸುತ್ತಿತ್ತು...

ಹಠಕ್ಕೆ ಬಿದ್ದಳು. ಹೈಡ್ರೋಜನ್ ಬದಲು, ಹಗುರವಾದರೂ ಹೊತ್ತಿಕೊಳ್ಳದ ಹೀಲಿಯಂ ಬಳಸಿ ಪ್ರಯೋಗ ಮಾಡಿದಳು. ಗುಮ್ಮಟದ ಮೂಲೆಮೂಲೆಯನ್ನೂ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದಳು. ಒಂದು ಯುಗಾದಿಯ ಹೊತ್ತಿಗೆ ಉತ್ತರ ಸಿಕ್ಕಿತು. ಅವಳು ಹೇಳಿದ್ದೇ ಸರಿಯಾಗಿತ್ತು.

ಯಾರಿಗೂ ಹೇಳಲಿಲ್ಲ.

ಈಗಲೇ ಹೇಳಿದರೆ ಆ ಮನುಷ್ಯ ಸದ್ದಿಲ್ಲದೆ ತಿದ್ದಿಕೊಂಡುಬಿಡುತ್ತಾನೆ... ಹೊಸದಾಗಿ ಕಟ್ಟುವ ಎರಡನೇ ಘಟಕಕ್ಕೂ ಅದೇ ಲೆಕ್ಕ ಹಿಡಿದು ಬರಲಿ, ಎಲ್ಲರೆದುರು ನಿಲ್ಲಲಿ. ಆಗ ನೋಡಿಕೊಳ್ಳುತ್ತೇನೆ!

ಮುಂದಿನ ಯುಗಾದಿ ಕಳೆದ ಮೇಲೆ ಆ ಮೀಟಿಂಗ್ ಬಂತು.

ಧರಣೇಂದ್ರ ಮಾತು ಮುಗಿಸುವವರೆಗೂ ಕಾದು, ತನ್ನ ಗ್ರಾಫ್ ಪರದೆಯ ಮೇಲೆ ಹಾಕಿದಳು. ಗುಮ್ಮಟದ ನೆತ್ತಿಯೆಲ್ಲ ಅಪಾಯದ ಕೆಂಪು.

"ಅಡುಗೆಮನೆ ಫಿಸಿಕ್ಸ್, ಸರ್," ಎಂದಳು.

ಅವರ ಮುಖ ಬಿಳಿಚಿತು. ತಲೆ ತಗ್ಗಿತು. ನಾಗವೇಣಿಯ ಹೊಟ್ಟೆ ತಣ್ಣಗಾಯಿತು...

ಆಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಮೊದಲ ಘಟಕದ ಶಿಫ್ಟ್ ಇನ್‌ಚಾರ್ಜ್ ನಿಂಗನಗೌಡ.

"ಮೇಡಂ, ಇದು ನಿಮಗ ಯಾವಾಗ ಗೊತ್ತಾತ್ರಿ?"

"ಹೋದ ವರ್ಷ ಯುಗಾದಿಗೆ," ಎಂದಳು ಹೆಮ್ಮೆಯಿಂದ.

ಅವರು ಪರದೆಯ ಮೇಲಿನ ಕೆಂಪನ್ನು ಮತ್ತೊಮ್ಮೆ ನೋಡಿದರು.

"ಹಂಗಾರ ವರ್ಷದ ಮ್ಯಾಲಾತು... ನಮ್ಮ ಹುಡುಗ್ರು ದಿನಾ ಆ ಗುಮ್ಮಟದ ಮಗ್ಗಲ್ದಾಗ ಡ್ಯೂಟಿ ಮಾಡ್ಯಾರ್ರಿ."

ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಹಾಗೇ ಕುಳಿತುಬಿಟ್ಟರು.

ಯಾರೂ ನಗಲಿಲ್ಲ. ಅಷ್ಟು ದಿನ ಕಾದಿದ್ದ ಆ ತಗ್ಗಿದ ತಲೆಯನ್ನು ನೋಡಲು ನಾಗವೇಣಿಗೆ ಆಗಲಿಲ್ಲ. ಕಣ್ಣು ಮಂಜಾಯಿತು...

ಆ ಸಂಜೆಯೇ ಮೊದಲ ಘಟಕ ನಿಲ್ಲಿಸಿದರು. ಧರಣೇಂದ್ರ, ನಾಗವೇಣಿ ಅಕ್ಕಪಕ್ಕ ಕುಳಿತು ಹೊಸ ಲೆಕ್ಕ ಹಾಕಿದರು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಪೆಟ್ಟಿಗೆಗಳು ಮೇಲಕ್ಕೆ ಹೋದವು.

ಘಟಕ ಮತ್ತೆ ಶುರುವಾಗುವ ಮುನ್ನ ಅವಳು ನಿಂಗನಗೌಡರನ್ನು ಹುಡುಕಿಕೊಂಡು ಹೋಗಿ, ಕ್ಷಮೆ ಕೇಳುವ ಮುಖ ತನಗಿಲ್ಲ ಎಂದಳು.

"ಇನ್ನ ಮುಂದ ಗೊತ್ತಾದ ದಿನಾನ ಹೇಳ್ರಿ, ಮೇಡಂ. ಸಾಕು."

ಸ್ಥಾವರದ ಗೇಟಿನವರೆಗೂ ಅಳುತ್ತಲೇ ನಡೆದಳು...

*ಸೇಡಿಗಾಗಿ ಬಚ್ಚಿಟ್ಟ ಸತ್ಯ, ಸುಳ್ಳಿನಷ್ಟೇ ಅಪಾಯಕಾರಿ.*

ಯಾರನ್ನೋ ಸೋಲಿಸಲು ನೀವು ಕಾಯುತ್ತಿರುವಾಗ, ಅದರ ಬಿಸಿ ತಟ್ಟುತ್ತಿರುವುದು ಯಾರಿಗೆ?