ಆಪರೇಟರ್ ಆರಿಸಿದ ಪ್ರೊಸೆಸರ್

“ಎರಡೂ ಒಂದೇ ಥರ ಕಾಣ್ತಿದೆಯಲ್ಲೋ. ಕಡಿಮೆ ಬೆಲೆದೇ ಸಾಕು, ಸುಮ್ನೆ ದುಡ್ಡು ಯಾಕೆ ದಂಡ?” ಎಂದರು ಅಪ್ಪ, ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ, ಬೇರೆ ಬೇರೆ ಪ್ರೊಸೆಸರಿನ ಎರಡು ಕಂಪ್ಯೂಟರುಗಳಿಗೆ ಜೋಡಿಸಿದ್ದ ಎರಡು ಟಿವಿಗಳ ಕಡೆ ಮುಖ ಮಾಡಿ. ಅವರ ಕೈ ಮಗನ ಹೆಗಲ ಮೇಲಿತ್ತು.

ಮೊಬೈಲಿನಲ್ಲಿ ಪ್ರೊಸೆಸರ್‌ಗಳ ಬೆಲೆ ತಾಳೆ ನೋಡುತ್ತಿದ್ದ ಮಗನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೇ ಕಂಪ್ಯೂಟರಿನಲ್ಲಿ ಅಪ್ಪನಿಗೆ ಸಿನಿಮಾ, ತನಗೆ ಗೇಮು. ಅಪ್ಪ ಮೂವತ್ತು ವರ್ಷ ಟಾಕೀಸಿನಲ್ಲಿ ರೀಲು ಓಡಿಸಿದ ಆಪರೇಟರ್. ಪರದೆಯ ಮೇಲೆ ಚಿತ್ರ ಕೂದಲೆಳೆಯಷ್ಟು ನಡುಗಿದರೂ ಹಿಡಿಯುತ್ತಿದ್ದವರು. ಅವರೇ ಒಪ್ಪಿದ ಮೇಲೆ ಇನ್ನೇನು? “ಅಪ್ಪ ಹೇಳಿದ್ಮೇಲೆ ಮುಗೀತು. ಅದನ್ನೇ ಕೊಟ್ಬಿಡಿ ಮೇಡಂ,” ಎಂದ.

ಅಂಗಡಿಯಾಕೆಯ ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. “ಸರ್, ಆ ಕಡಿಮೆ ಬೆಲೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಲ್ಲ. ಬೇರೆ ಕಾರ್ಡ್ ಹಾಕೋ ತನಕ ಚಿತ್ರಾನೇ ಬರಲ್ಲ. ನಾನಿನ್ನೂ ಕಾರ್ಡ್ ಹಾಕೇ ಇಲ್ಲ.”

ಮಗ ಆಗಷ್ಟೇ ತಲೆ ಎತ್ತಿದ. ಎಡಗಡೆಯ ಟಿವಿಯಲ್ಲಿ ಕುದುರೆಗಳು ಧೂಳೆಬ್ಬಿಸಿ ಓಡುತ್ತಿದ್ದವು. ಬಲಗಡೆಯದು ಪೂರ್ತಿ ಕಪ್ಪಗಿತ್ತು.

“ಅಪ್ಪಾ... ಬಲಗಡೆದು ಹೇಗಿದೆ?”

“ಚೆನ್ನಾಗೇ ಇದೆಯಲ್ಲೋ. ಚೂರೂ ನಡುಗ್ತಿಲ್ಲ.”

ಮನೆ ಬಿಟ್ಟಾಗಿನಿಂದ ಅಪ್ಪ ಅವನ ಹೆಗಲು ಬಿಟ್ಟಿರಲಿಲ್ಲ. ಅದನ್ನು ಅವನು ಪ್ರೀತಿ ಅಂದುಕೊಂಡಿದ್ದ. ಈಗ ತನಗೇ ಗೊತ್ತಿಲ್ಲದಂತೆ ಒಂದು ಹೆಜ್ಜೆ ಹಿಂದೆ ಸರಿದ. ಅಪ್ಪ ಕಪ್ಪು ಪರದೆಯತ್ತ ಮುಗುಳ್ನಗುತ್ತಲೇ ಇದ್ದರು. ಅವರ ಕೈ ಮಾತ್ರ ಗಾಳಿಯಲ್ಲಿ ಅವನ ಹೆಗಲಿಗಾಗಿ ತಡಕಾಡುತ್ತಿತ್ತು.