ಗೋರಿಗಳ ದಿಣ್ಣೆ

"ಇದನ್ನ ಹುಲ್ಲುಗಾವಲ ಕರಿಮಣ್ಣು ಅನ್ನೋಕಾಗಲ್ಲಪ್ಪ. ಕಪ್ಪು ಒಂದು ಗೇಣಾದ್ರೂ ಇರ್ಬೇಕು, ಇಲ್ಲಿರೋದು ನಾಲ್ಕೇ ಬೆರಳು," ಎಂದಳು ಮಾರಿತ್, ನೆಲಕ್ಕೆ ಕೊಳವೆ ಇಳಿಸಿ ತೆಗೆದ ಮಣ್ಣನ್ನು ಅಪ್ಪನ ಮುಂದೆ ಹಿಡಿದು. ಉಳಿದದ್ದೆಲ್ಲ ಹಳದಿ ಜೇಡಿ.

ಗುನ್ನರ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಅಯೋವಾದ ಈ ಹೊಲಕ್ಕೆ ಮೊದಲ ನೇಗಿಲು ಹೂಡಿದವನು ಅವನ ಮುತ್ತಜ್ಜ. "ಮಣ್ಣಿನ ಪರೀಕ್ಷೆ ಕಲಿತು ಬಂದು ಅಪ್ಪನ ಹೊಲಕ್ಕೇ ಹೆಸರಿಡ್ತೀಯಾ? ಬಾ ಇಲ್ಲಿ!" ಎಂದು ಹೊಲದ ನಡುವಿನ ಗೋರಿಗಳ ದಿಣ್ಣೆಯತ್ತ ದಾಪುಗಾಲು ಹಾಕಿದ. ಸತ್ತವರು ಎತ್ತರದಲ್ಲಿರಲೆಂದು ಹಿರಿಯರು ಇದೇ ಹೊಲದ ಮಣ್ಣು ಹೊತ್ತು ಮಾಡಿದ ದಿಣ್ಣೆ ಅದು ಎಂದು ಊರೆಲ್ಲ ನಂಬಿತ್ತು.

ಗೋರಿಗಳಿಲ್ಲದ ಮೂಲೆಯಲ್ಲಿ ಮಾರಿತ್ ಕೊಳವೆ ಇಳಿಸಿದಳು. ಇಳಿಸಿದಷ್ಟೂ ಕಪ್ಪು. ಹಿಸುಕಿದರೆ ಕಾಳುಕಾಳಾಗಿ ಉದುರುವ, ಹುಲ್ಲುಬೇರು ತುಂಬಿದ ಮಣ್ಣು.

"ನೋಡಿದ್ಯಾ? ಇದು ನಮ್ಮ ಮಣ್ಣು!" ಗುನ್ನರ್ ಗೆದ್ದವನಂತೆ ಹೊಲಕ್ಕೆ ಧುಮುಕಿದ.

"ಹೊತ್ತು ಹಾಕಿದ ಮಣ್ಣಲ್ಲಿ ಇಷ್ಟು ಆಳಕ್ಕೆ ಬೇರಿರಲ್ಲಪ್ಪ. ಇದು ಯಾರೂ ಉಳದೆ ಬಿಟ್ಟ ನೆಲ."

ಮಾರಿತ್ ದಿಣ್ಣೆಯಂಚಿನಲ್ಲಿ ಕೂತು, ಹುಲ್ಲಿನ ಮಟ್ಟಕ್ಕೆ ಕೈಚಾಚಿ, ಕೆಳಗೆ ನಿಂತ ಅಪ್ಪನ ಮೊಣಕಾಲನ್ನು ಮುಟ್ಟಿದಳು.

"ನಿನ್ನ ಮುತ್ತಜ್ಜ ಬಂದಾಗ ನಮ್ಮ ಹೊಲ ಇಷ್ಟೆತ್ತರ ಇತ್ತಪ್ಪ."